ಸೋಡಾ, ಪಾಪ್, ಕೋಕ್, ಟಾನಿಕ್: ಒಂದೇ ಡ್ರಿಂಕ್‌ಗೆ ಇಷ್ಟೊಂದು ಹೆಸರು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಕ್ಕರೆ, ನೀರು, ಗ್ಯಾಸ್, ಒಂಚೂರು ಫ್ಲೇವರ್. ಇಷ್ಟೇ ಇರೋ ಒಂದು ಬಾಟಲಿಗೆ ಒಂದೇ ದೇಶದೊಳಗೆ ನಾಲ್ಕೈದು ಹೆಸರು ಇದೆ ಅಂದ್ರೆ ಕೇಳಿದವ್ರಿಗೆ ತಲೆ ಕೆಡೋದು ಸಹಜ. ನಂಗೆ ಈ ಪದಗಳ ಮೇಲೆ ತುಂಬಾ ಪ್ರೀತಿ, ಯಾಕಂದ್ರೆ ಒಂದೊಂದು ಹೆಸರು ಹಿಡ್ಕೊಂಡು ಹಿಂದಕ್ಕೆ ಹೋದ್ರೆ ಅಲ್ಲಿನ ಜನ ಆ ಬಾಟಲಿಯಲ್ಲಿ ಮೊದಲು ಏನನ್ನ ಗಮನಿಸಿದ್ರು ಅನ್ನೋದು ಗೊತ್ತಾಗುತ್ತೆ. ಒಬ್ರಿಗೆ ಅದರ ಸದ್ದು, ಇನ್ನೊಬ್ರಿಗೆ ಒಳಗಿರೋ ಉಪ್ಪು, ಮತ್ತೊಬ್ರಿಗೆ ಔಷಧಿ, ಮಗದೊಬ್ರಿಗೆ ಮೇಲಿರೋ ಲೇಬಲ್ಲು.

ಅಮೆರಿಕದಲ್ಲಿ ಸೋಡಾ, ಪಾಪ್, ಕೋಕ್ ಅಂತಾರಲ್ಲ, ಮೂರೂ ಒಂದೇನಾ?

ಹೌದು, ಮೂರೂ ಒಂದೇ, ಹೇಳೋ ಜಾಗ ಬೇರೆ ಅಷ್ಟೇ. ನ್ಯೂಯಾರ್ಕ್, ಬಾಸ್ಟನ್, ಫಿಲಡೆಲ್ಫಿಯಾ ಇರೋ ಈಶಾನ್ಯ ಭಾಗದಲ್ಲಿ, ಆಮೇಲೆ ದೇಶದ ಆ ತುದಿಯ ಕ್ಯಾಲಿಫೋರ್ನಿಯಾದಲ್ಲಿ ಸೋಡಾ. ಚಿಕಾಗೋ, ಡೆಟ್ರಾಯ್ಟ್, ಮಿನಿಯಾಪೊಲಿಸ್ ಕಡೆ ಅಂದ್ರೆ ಮಿಡ್‌ವೆಸ್ಟ್‌ನಲ್ಲಿ, ವಾಯವ್ಯದ ಸಿಯಾಟಲ್ ಕಡೇನೂ ಪಾಪ್. ಟೆಕ್ಸಾಸ್, ಜಾರ್ಜಿಯಾ, ಅಲಬಾಮಾ, ಟೆನೆಸಿ ತರ ದಕ್ಷಿಣದ ರಾಜ್ಯಗಳಲ್ಲಿ ಯಾವ ಫ್ಲೇವರ್ ಆದ್ರೂ, ಯಾವ ಕಂಪನಿದಾದ್ರೂ ಕೋಕ್. ಪಕ್ಕದ ಕೆನಡಾದಲ್ಲಿ ಇಂಗ್ಲಿಷ್ ಮಾತಾಡೋರು ಹೆಚ್ಚಾಗಿ ಪಾಪ್ ಅಂತಾರೆ.

ಆದ್ರೆ ಇದು ಗೆರೆ ಎಳೆದ ಹಾಗೆ ನೀಟಾಗಿ ಇಲ್ಲ, ಅದೇ ಇದರ ಮಜಾ. ಮಿಸೌರಿ ರಾಜ್ಯದ ಒಂದು ತುದಿಯಲ್ಲಿರೋ ಸೇಂಟ್ ಲೂಯಿಸ್‌ನಲ್ಲಿ ಸೋಡಾ, ಇನ್ನೊಂದು ತುದಿಯ ಕನ್ಸಾಸ್ ಸಿಟಿಯಲ್ಲಿ ಪಾಪ್. ವಿಸ್ಕಾನ್ಸಿನ್‌ನಲ್ಲಿ ಮಿಲ್ವಾಕೀ ಕಡೆಯವ್ರು ಸೋಡಾ ಅಂದ್ರೆ ಪಶ್ಚಿಮದ ಕಡೆ ಪಾಪ್ ಶುರುವಾಗುತ್ತೆ. ಪೆನ್ಸಿಲ್ವೇನಿಯಾದಲ್ಲಿ ಫಿಲಡೆಲ್ಫಿಯಾ ಸೋಡಾ, ಪಿಟ್ಸ್‌ಬರ್ಗ್ ಪಾಪ್. ನ್ಯೂಯಾರ್ಕ್ ರಾಜ್ಯ ಪೂರ್ತಿ ಸೋಡಾ ಅಂದ್ಕೊಂಡು ಬಫಲೋಗೆ ಹೋದ್ರೆ ಅಲ್ಲಿ ಪಾಪ್ ಕೇಳಿಸುತ್ತೆ.

ಇದನ್ನೆಲ್ಲಾ ಯಾರಾದ್ರೂ ಲೆಕ್ಕ ಹಾಕಿದಾರಾ, ಇಲ್ಲ ಸುಮ್ನೆ ಜನ ಹೇಳೋದಾ?

ಹಾಕಿದಾರೆ. 2000ರ ದಶಕದ ಶುರುವಿನಲ್ಲಿ ಭಾಷಾ ವಿಜ್ಞಾನಿ ಬರ್ಟ್ ವಾಕ್ಸ್ ಅವರ ಮುಂದಾಳ್ತನದಲ್ಲಿ ಹಾರ್ವರ್ಡ್ ಡಯಲೆಕ್ಟ್ ಸರ್ವೆ ಅಂತ ನಡೀತು, ಅಮೆರಿಕದ ಜನ ಯಾವ ವಸ್ತುಗೆ ಏನಂತಾರೆ, ಯಾವ ಪದ ಹೇಗೆ ಉಚ್ಚರಿಸ್ತಾರೆ ಅಂತ ನೂರಕ್ಕೂ ಹೆಚ್ಚು ಪ್ರಶ್ನೆ ಇತ್ತು. ಅದರಲ್ಲಿ ಈ ಡ್ರಿಂಕ್ ಬಗ್ಗೆ ಕೇಳಿದ್ದಕ್ಕೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಸೋಡಾ ಅಂದ್ರು, ಸುಮಾರು ಕಾಲು ಭಾಗ ಪಾಪ್ ಅಂದ್ರು, 12% ಆಸುಪಾಸು ಕೋಕ್ ಅಂದ್ರು. ಟಾನಿಕ್ ಅಂದವ್ರು 1% ಕೂಡ ಇರ್ಲಿಲ್ಲ. ಅದೇ ಸರ್ವೆಯನ್ನ ಆಧಾರ ಇಟ್ಕೊಂಡು 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ಕ್ವಿಜ್ ಹಾಕ್ತು, ನೀವು ಯಾವ ಪದ ಬಳಸ್ತೀರಿ ಹೇಳಿ, ಯಾವ ಊರಿನ ಕಡೆಯವ್ರು ಅಂತ ನಾವು ಹೇಳ್ತೀವಿ ಅಂತ. ವರ್ಷ ಮುಗಿಯೋಕೆ ಹತ್ತು ದಿನ ಇರುವಾಗ ಬಂದ್ರೂ ಆ ವರ್ಷ ಆ ಪತ್ರಿಕೆಯ ಸೈಟಿನಲ್ಲಿ ಅತಿ ಹೆಚ್ಚು ಜನ ನೋಡಿದ್ದು ಅದನ್ನೇ. ತಾನು ಮಾತಾಡೋ ರೀತಿಯಲ್ಲೇ ತನ್ನ ಊರು ಇದೆ ಅನ್ನೋದು ಯಾರಿಗೆ ತಾನೇ ಖುಷಿ ಕೊಡಲ್ಲ.

ಸೋಡಾ ಅಂದ್ರೆ ಸಪ್ಪೆ ಗ್ಯಾಸ್ ನೀರು ಅಲ್ವಾ? ಸಿಹಿ ಡ್ರಿಂಕ್‌ಗೆ ಆ ಹೆಸರು ಹೇಗೆ ಬಂತು?

ಮೂಲ ಅರ್ಥ ನೀವು ಹೇಳಿದ್ದೇ. ಕಥೆ ಶುರುವಾಗೋದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. 1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಅನ್ನೋ ವಿಜ್ಞಾನಿ ಬಿಯರ್ ತಯಾರಿಸೋ ಬ್ರೂವರಿ ಪಕ್ಕದಲ್ಲಿ ಇದ್ರು, ಹುಳಿ ಬರ್ತಾ ಇರೋ ದೊಡ್ಡ ತೊಟ್ಟಿಯ ಮೇಲೆ ಒಂಥರಾ ಗಾಳಿ ನಿಂತಿರುತ್ತೆ ಅಂತ ಗಮನಿಸಿ ಅಲ್ಲೇ ನೀರನ್ನ ಹಿಡಿದು ನೋಡಿದ್ರು, ಆ ಗಾಳಿ (ಅಂದ್ರೆ ಕಾರ್ಬನ್ ಡೈಆಕ್ಸೈಡ್) ನೀರಿಗೆ ಸೇರ್ಕೊಂಡು ನಾಲಿಗೆಗೆ ಚುರುಕ್ ಅನ್ನೋ ನೀರಾಯ್ತು. 1772ರಲ್ಲಿ ಅದನ್ನ ಮಾಡೋ ವಿಧಾನ ಅಚ್ಚು ಹಾಕಿಸಿದ್ರು. ದುಡ್ಡು ಮಾಡಿದ್ದು ಮಾತ್ರ ಬೇರೆಯವ್ರು, ಯೋಹಾನ್ ಯಾಕೋಬ್ ಶ್ವೆಪ್ ಅನ್ನೋರು 1783ರಲ್ಲಿ ಜಿನೀವಾದಲ್ಲಿ ಇದನ್ನ ವ್ಯಾಪಾರ ಮಾಡೋಕೆ ಶುರು ಮಾಡಿ 1792ರಲ್ಲಿ ಲಂಡನ್‌ಗೆ ಬಂದ್ರು, ಶ್ವೆಪ್ಸ್ ಅನ್ನೋ ಹೆಸರು ಇವತ್ತಿಗೂ ಬಾಟಲಿ ಮೇಲೆ ಇದೆ.

ಆಗೆಲ್ಲ ಇದು ಔಷಧಿ. ನೆಲದಿಂದ ಉಕ್ಕೋ ಖನಿಜ ನೀರಿನ ಬುಗ್ಗೆಗಳಿಗೆ ಹೋಗಿ ಕುಡಿದ್ರೆ ಹೊಟ್ಟೆಗೆ ಒಳ್ಳೇದು ಅಂತ ಯುರೋಪಿನಲ್ಲಿ ನಂಬಿಕೆ ಇತ್ತು, ಅದನ್ನ ಅಂಗಡಿಯಲ್ಲೇ ಮಾಡೋದು ಉದ್ದೇಶ. ಅದಕ್ಕೆ ಗ್ಯಾಸ್ ಜೊತೆ ಸೋಡಾ ಉಪ್ಪನ್ನೂ ಕರಗಿಸ್ತಿದ್ರು, ಹಾಗಾಗಿ ಸೋಡಾ ವಾಟರ್. ಇಲ್ಲೊಂದು ಸೊಗಸಾದ ವಿಷಯ, ಸೋಡಿಯಂನಿಂದ ಸೋಡಾ ಅನ್ನೋ ಪದ ಬಂದಿಲ್ಲ, ತಿರುಗಾ ಮುರುಗಾ. 1807ರಲ್ಲಿ ಹಂಫ್ರಿ ಡೇವಿ ಅನ್ನೋ ವಿಜ್ಞಾನಿ ಆ ಲೋಹವನ್ನ ಬೇರ್ಪಡಿಸಿದಾಗ ಮೊದಲೇ ಇದ್ದ ಸೋಡಾ ಅನ್ನೋ ಹೆಸರಿಂದಲೇ ಅದಕ್ಕೆ ಸೋಡಿಯಂ ಅಂತ ಇಟ್ಟಿದ್ದು.

ಅಮೆರಿಕದಲ್ಲಿ ಈ ನೀರು ಔಷಧಿ ಅಂಗಡಿಗಳಿಗೆ ಬಂತು, ಅಲ್ಲೇ ಒಂದು ಕಟ್ಟೆ, ಮೇಲೆ ನಲ್ಲಿ, ಅದೇ ಸೋಡಾ ಫೌಂಟನ್. ಕಹಿ ಔಷಧಿ ಕುಡಿಯೋಕೆ ಆಗ್ಲಿ ಅಂತ ಸಿರಪ್ ಹಾಕಿದ್ರು, ಆಮೇಲೆ ಸಿರಪ್ಪೇ ಮುಖ್ಯ ಆಯ್ತು, ಔಷಧಿ ಹೋಯ್ತು, ಸೋಡಾ ಉಪ್ಪೂ ಹೋಯ್ತು, ಹೆಸರು ಮಾತ್ರ ಉಳೀತು. ಅಲ್ಲಿ ಕೆಲಸ ಮಾಡೋ ಹುಡುಗ್ರಿಗೆ ಸೋಡಾ ಜರ್ಕ್ ಅಂತಿದ್ರು, ನಲ್ಲಿಯ ಹಿಡಿಯನ್ನ ಜಗ್ಗಿ ಎಳೀತಿದ್ದಕ್ಕೆ ಆ ಹೆಸರು.

ಹಾಗಾದ್ರೆ ಅಮೆರಿಕದಲ್ಲಿ ಸಪ್ಪೆ ಸೋಡಾ ಬೇಕಂದ್ರೆ ಏನಂತ ಕೇಳ್ಬೇಕು?

ಬರೀ ಸೋಡಾ ಅಂದ್ರೆ ಯಾವ ಸೋಡಾ ಅಂತ ವಾಪಸ್ ಕೇಳ್ತಾರೆ, ಇಲ್ಲ ಸಿಹಿ ಡ್ರಿಂಕ್ ತಂದಿಡ್ತಾರೆ. ಕ್ಲಬ್ ಸೋಡಾ, ಸೆಲ್ಟ್ಸರ್, ಸ್ಪಾರ್ಕ್ಲಿಂಗ್ ವಾಟರ್ ಇವುಗಳಲ್ಲಿ ಒಂದು ಹೇಳಿ. ಸೆಲ್ಟ್ಸರ್ ಅಂದ್ರೆ ಬರೀ ನೀರು ಮತ್ತು ಗ್ಯಾಸ್, ಜರ್ಮನಿಯ ನೀಡರ್‌ಸೆಲ್ಟರ್ಸ್ ಅನ್ನೋ ಊರಿನ ಬುಗ್ಗೆ ನೀರಿಂದ ಬಂದ ಹೆಸರು. ಕ್ಲಬ್ ಸೋಡಾದಲ್ಲಿ ಸ್ವಲ್ಪ ಉಪ್ಪಿನಂಶ ಸೇರಿಸಿರ್ತಾರೆ. ಟಾನಿಕ್ ವಾಟರ್ ಬೇಡ, ಅದರಲ್ಲಿ ಕ್ವಿನೈನ್ ಕಹಿ ಇರುತ್ತೆ, ಸಕ್ಕರೆನೂ ಇರುತ್ತೆ.

ಪಾಪ್ ಅನ್ನೋದು ಪಾಪ್ಯುಲರ್‌ನ ಶಾರ್ಟ್ ಫಾರ್ಮಾ?

ಅಲ್ಲವೇ ಅಲ್ಲ. ಅದು ಸದ್ದು. ಗ್ಯಾಸ್ ತುಂಬಿದ ಬಾಟಲಿಗೆ ಕಾರ್ಕ್ ಜಡಿದಿರ್ತಿದ್ರು, ಅದನ್ನ ತೆಗೆದಾಗ ಟಪ್ ಅಂತ ಹಾರ್ತಿತ್ತು, ನಮಗೆ ಟಪ್ ಅಂತ ಕೇಳಿಸಿದ್ದು ಇಂಗ್ಲಿಷ್‌ನವ್ರಿಗೆ ಪಾಪ್ ಅಂತ ಕೇಳಿಸ್ತು. ಇದನ್ನ ಊಹೆ ಮಾಡಿ ಹೇಳ್ತಿಲ್ಲ. ಇಂಗ್ಲಿಷ್ ಕವಿ ರಾಬರ್ಟ್ ಸದಿ 1812ರ ಒಂದು ಪತ್ರದಲ್ಲೇ ಬರ್ದಿದಾರೆ, ಸೋಡಾ ವಾಟರ್‌ಗೂ ಜಿಂಜರ್ ಬಿಯರ್‌ಗೂ ನಡುವಿನ ಒಂದು ಹೊಸ ಪಾನೀಯ ಬಂದಿದೆ, ಕಾರ್ಕ್ ತೆಗೆದಾಗ ಪಾಪ್ ಅನ್ನೋದ್ರಿಂದ ಅದನ್ನ ಪಾಪ್ ಅಂತಾರೆ ಅಂತ. ಅಂದ್ರೆ ಪಾಪ್ ಅನ್ನೋದು ಅಮೆರಿಕದ ಹಳ್ಳಿ ಭಾಷೆ ಅಂತ ಮೂಗು ಮುರಿಯೋರಿಗೆ ಹೇಳಿ, ಅದು ಇಂಗ್ಲೆಂಡಿನಲ್ಲಿ ಹುಟ್ಟಿ ಇನ್ನೂರು ವರ್ಷ ದಾಟಿದ ಪದ.

ಕಾರ್ಕ್ ಹೋಗಿ ಎಷ್ಟೋ ಕಾಲ ಆಯ್ತು. 1892ರಲ್ಲಿ ಬಾಲ್ಟಿಮೋರ್‌ನ ವಿಲಿಯಂ ಪೇಂಟರ್ ಅಂಚು ಮಡಚಿದ ತಗಡಿನ ಮುಚ್ಚಳಕ್ಕೆ, ಅಂದ್ರೆ ಕ್ರೌನ್ ಕಾರ್ಕ್‌ಗೆ ಪೇಟೆಂಟ್ ತಗೊಂಡ್ರು. ಆಮೇಲೆ ಕ್ಯಾನ್ ಬಂತು, ತಿರುಗಿಸೋ ಪ್ಲಾಸ್ಟಿಕ್ ಮುಚ್ಚಳ ಬಂತು, ಈಗ ಬಾಟಲಿ ಬಿಚ್ಚಿದ್ರೆ ಪಾಪ್ ಅನ್ನಲ್ಲ, ಬುಸ್ ಅನ್ನುತ್ತೆ. ಸದ್ದೇ ಇಲ್ಲದಿದ್ರೂ ಸದ್ದಿನ ಹೆಸರಲ್ಲಿ ಕರೆಯೋದು ನಿಂತಿಲ್ಲ, ನಂಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಸಂಗತಿ ಇದೇ.

ದಕ್ಷಿಣದವ್ರು ಪೆಪ್ಸಿಗೂ ಕೋಕ್ ಅಂತಾರಂತೆ, ನಿಜಾನಾ?

ನಿಜ. "ಕೋಕ್ ಕುಡೀತೀಯಾ?" "ಹೂಂ." "ಯಾವ್ದು?" "ಆರೆಂಜ್." ಈ ತರದ ಮಾತು ಅಲ್ಲಿ ಮಾಮೂಲಿ. ಕಾರಣ ಹುಡುಕೋಕೆ ಬಹಳ ದೂರ ಹೋಗ್ಬೇಕಿಲ್ಲ. ಕೋಕಾ ಕೋಲಾ ಹುಟ್ಟಿದ್ದೇ ದಕ್ಷಿಣದ ಅಟ್ಲಾಂಟಾದಲ್ಲಿ, 1886ರಲ್ಲಿ ಜಾನ್ ಪೆಂಬರ್ಟನ್ ಅನ್ನೋ ಫಾರ್ಮಸಿಸ್ಟ್ ಮಾಡಿದ್ದು, ಹೆಸರಿಟ್ಟಿದ್ದು ಅವರ ಲೆಕ್ಕ ನೋಡ್ಕೊಳ್ತಿದ್ದ ಫ್ರಾಂಕ್ ರಾಬಿನ್ಸನ್. ಮೊದಲು ಬಾಟಲಿಗೆ ತುಂಬಿಸಿದ್ದು 1894ರಲ್ಲಿ ಮಿಸಿಸಿಪ್ಪಿಯ ವಿಕ್ಸ್‌ಬರ್ಗ್‌ನಲ್ಲಿ. 1899ರಲ್ಲಿ ಟೆನೆಸಿಯ ಚಟನೂಗಾದ ಇಬ್ಬರು ವಕೀಲರು ಬಹುತೇಕ ಇಡೀ ದೇಶಕ್ಕೆ ಬಾಟಲಿ ಮಾಡಿ ಮಾರೋ ಹಕ್ಕನ್ನ ಒಂದೇ ಒಂದು ಡಾಲರ್‌ಗೆ ಬರೆಸ್ಕೊಂಡ್ರು. ಹುಟ್ಟಿದ್ದು, ಬಾಟಲಿಗೆ ಬಿದ್ದಿದ್ದು, ಹರಡಿದ್ದು ಎಲ್ಲ ಅದೇ ನೆಲದಲ್ಲಿ ಆದ್ರೆ ಜನರ ಬಾಯಲ್ಲಿ ಅದೇ ಹೆಸರು ಕೂತ್ಕೊಳ್ಳೋದು ಆಶ್ಚರ್ಯ ಅಲ್ಲ, ಫೋಟೋಕಾಪಿಗೆಲ್ಲ ಜೆರಾಕ್ಸ್ ಅಂದ ಹಾಗೆ.

ಆದ್ರೆ ಒಂದು ಮಾತು, ಡಾಕ್ಟರ್ ಪೆಪ್ಪರ್ ಅನ್ನೋ ಡ್ರಿಂಕ್ ಹುಟ್ಟಿದ್ದು ಇನ್ನೂ ಒಂದು ವರ್ಷ ಮೊದಲು, 1885ರಲ್ಲಿ, ಟೆಕ್ಸಾಸ್‌ನ ವೇಕೋದಲ್ಲಿ. ಪೆಪ್ಸಿ ಕೂಡ ದಕ್ಷಿಣದ್ದೇ, ನಾರ್ತ್ ಕ್ಯಾರೊಲಿನಾದ ನ್ಯೂ ಬರ್ನ್‌ನಲ್ಲಿ ಕೇಲೆಬ್ ಬ್ರಾಡಮ್ 1893ರಲ್ಲಿ ಬ್ರಾಡ್ಸ್ ಡ್ರಿಂಕ್ ಅಂತ ಶುರು ಮಾಡಿ 1898ರಲ್ಲಿ ಪೆಪ್ಸಿ ಕೋಲಾ ಅಂತ ಬದಲಾಯಿಸಿದ್ರು. ಮೂರೂ ಒಂದೇ ಸೀಮೆಯವು, ಆದ್ರೆ ಪೂರ್ತಿ ಜಾತಿಗೇ ಹೆಸರು ಕೊಟ್ಟಿದ್ದು ಒಂದೇ.

ಎಲ್ಲಾದಕ್ಕೂ ಕೋಕ್ ಅಂದ್ರೆ ಕಂಪನಿಗೆ ಖುಷಿ ಆಗ್ಬೇಕಲ್ವಾ?

ಖುಷಿಗಿಂತ ಭಯಾನೇ ಜಾಸ್ತಿ. ಬ್ರ್ಯಾಂಡ್ ಹೆಸರು ಸಾಮಾನ್ಯ ಪದ ಆಗ್ಬಿಟ್ರೆ ಕೋರ್ಟು ಟ್ರೇಡ್‌ಮಾರ್ಕ್ ಹಕ್ಕನ್ನೇ ತೆಗೆದುಹಾಕಬಹುದು. ಎಸ್ಕಲೇಟರ್, ಥರ್ಮಾಸ್ ಎರಡೂ ಒಂದು ಕಾಲದಲ್ಲಿ ಕಂಪನಿಗಳ ಸ್ವಂತ ಹೆಸರು, ಅಮೆರಿಕದಲ್ಲಿ ಹಾಗೆ ಕಳ್ಕೊಂಡವು. ಕೋಕಾ ಕೋಲಾದವ್ರು ಶುರುವಿನಲ್ಲಿ ಕೋಕ್ ಅನ್ನೋ ಅಡ್ಡಹೆಸರನ್ನೇ ಇಷ್ಟ ಪಡ್ತಿರಲಿಲ್ಲ, ಪೂರ್ತಿ ಹೆಸರು ಹೇಳಿ ಕೇಳಿ, ಅಡ್ಡಹೆಸರು ಹೇಳಿದ್ರೆ ಬೇರೇದು ಕೊಟ್ಬಿಡ್ತಾರೆ ಅಂತ ಜಾಹೀರಾತು ಹಾಕ್ತಿದ್ರು. ಆದ್ರೆ ಜನ ಕೇಳ್ಬೇಕಲ್ಲ! ಅಷ್ಟರಲ್ಲಿ ಕೋಕ್ ಅನ್ನೋದನ್ನೇ ಸ್ಪೆಲಿಂಗ್ ಬದಲಾಯಿಸಿ ಇನ್ನೊಂದು ಕಂಪನಿ ಮಾರೋಕೆ ಶುರು ಮಾಡ್ತು, ಕೇಸ್ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, 1920ರಲ್ಲಿ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಆ ಹೆಸರು ಹೇಳಿದ ತಕ್ಷಣ ಜನರಿಗೆ ನೆನಪಾಗೋದು ಒಂದೇ ಕಡೆಯಿಂದ ಬರೋ ಒಂದೇ ವಸ್ತು ಅನ್ನೋ ಅರ್ಥದಲ್ಲಿ ತೀರ್ಪು ಕೊಟ್ಟು ಕೋಕಾ ಕೋಲಾ ಪರ ನಿಂತ್ರು. ಕೊನೆಗೆ 1941ರಿಂದ ಕಂಪನಿನೇ ಜಾಹೀರಾತಲ್ಲಿ ಕೋಕ್ ಅನ್ನೋಕೆ ಶುರು ಮಾಡ್ತು, 1945ರಲ್ಲಿ ಟ್ರೇಡ್‌ಮಾರ್ಕ್ ಮಾಡಿಸ್ಕೊಂಡ್ತು. ಜನರ ಬಾಯಿ ಮುಂದೆ ಕಂಪನಿ ಬಗ್ಗಿದ್ದು ಅಂತ ನಾನು ಓದ್ಕೊಳ್ತೀನಿ.

ಕೋಲಾ ಅನ್ನೋ ಪದದ ಮೇಲೆ ಮಾತ್ರ ಯಾರಿಗೂ ಹಕ್ಕಿಲ್ಲ, ಅದು ಪಶ್ಚಿಮ ಆಫ್ರಿಕಾದ ಕೋಲಾ ಕಾಯಿಯ ಹೆಸರು. ಅಲ್ಲಿ ಮನೆಗೆ ಬಂದವ್ರಿಗೆ ಕೋಲಾ ಕಾಯಿ ಕೊಟ್ಟು ಉಪಚರಿಸೋ ಪದ್ಧತಿ ಇವತ್ತಿಗೂ ಇದೆ.

ಟಾನಿಕ್ ಅಂತಾನೂ ಹೇಳ್ತಾರಾ? ಅದು ಕೆಮ್ಮಿಗೆ ಕುಡಿಯೋದಲ್ವಾ?

ಬಾಸ್ಟನ್ ಸುತ್ತಮುತ್ತ, ಅಮೆರಿಕದ ಈಶಾನ್ಯ ತುದಿಯ ನ್ಯೂ ಇಂಗ್ಲೆಂಡ್ ಭಾಗದಲ್ಲಿ ಹಳೇ ತಲೆಮಾರಿನವ್ರು ಹೇಳ್ತಿದ್ರು, ಈಗ ಬಹಳ ಕಮ್ಮಿ. ಔಷಧಿ ಕಾಲದ ನೆನಪು ಅದು. ಅದೇ ಕಡೆಯ ಮಾಕ್ಸಿ ಅನ್ನೋ ಡ್ರಿಂಕ್ ನೋಡಿ, ಆಗಸ್ಟಿನ್ ಥಾಂಪ್ಸನ್ ಅನ್ನೋ ವೈದ್ಯರು ಮ್ಯಾಸಚೂಸೆಟ್ಸ್‌ನ ಲೋವೆಲ್‌ನಲ್ಲಿ ನರಗಳಿಗೆ ಶಕ್ತಿ ಕೊಡೋ ಔಷಧಿ ಅಂತಾನೇ ಮಾರಿದ್ದು, ಆಮೇಲೆ ಗ್ಯಾಸ್ ಸೇರಿಸಿ ಡ್ರಿಂಕ್ ಮಾಡಿದ್ರು. ಅದರ ಹೆಸರು ಎಷ್ಟು ಜನಪ್ರಿಯ ಆಯ್ತು ಅಂದ್ರೆ ಮಾಕ್ಸಿ ಅನ್ನೋದು ಇಂಗ್ಲಿಷ್‌ನಲ್ಲಿ ಧೈರ್ಯ, ಕೆಚ್ಚು ಅನ್ನೋ ಅರ್ಥದ ಪದವೇ ಆಗೋಯ್ತು. 2005ರಲ್ಲಿ ಮೇನ್ ರಾಜ್ಯ ಅದನ್ನ ತನ್ನ ಅಧಿಕೃತ ಸಾಫ್ಟ್ ಡ್ರಿಂಕ್ ಅಂತ ಘೋಷಿಸ್ತು.

ಇದಕ್ಕಿಂತ ವಿಚಿತ್ರ ಪದ ಡೋಪ್, ಅಂದ್ರೆ ಮಾದಕ ವಸ್ತು. ಕ್ಯಾರೊಲಿನಾ, ಅಪಲಾಚಿಯಾ ಬೆಟ್ಟಗಳ ಕಡೆ ಕೋಲಾ ಡ್ರಿಂಕ್‌ಗೆ ಡೋಪ್ ಅಂತಿದ್ರು, ಬಟ್ಟೆ ಮಿಲ್‌ಗಳಲ್ಲಿ ಕೆಲಸಗಾರರಿಗೆ ಡ್ರಿಂಕ್ಸು ತಿಂಡಿ ಮಾರೋಕೆ ಬರೋ ತಳ್ಳುಗಾಡಿಗೆ ಡೋಪ್ ವ್ಯಾಗನ್ ಅಂತ ಹೆಸರು. ಹಳೇ ಕೋಕಾ ಕೋಲಾದಲ್ಲಿ ಕೋಕಾ ಎಲೆಯಿಂದ ಬಂದ ಕೊಕೇನ್ ಅಂಶ ಇತ್ತಲ್ಲ, ಆ ಮಾತು ಹೆಸರಲ್ಲಿ ಉಳ್ಕೊಂಡಿದ್ದು.

ಸಾಫ್ಟ್ ಡ್ರಿಂಕ್ ಅಂದ್ರೆ ಏನು ಸಾಫ್ಟ್?

ಆಲ್ಕೊಹಾಲ್ ಇಲ್ಲ ಅಂತ, ಅಷ್ಟೇ. ವಿಸ್ಕಿ, ರಮ್ ಹಾರ್ಡ್ ಡ್ರಿಂಕ್ ಆದ್ರೆ ಇದು ಸಾಫ್ಟ್. ಆಸ್ಟ್ರೇಲಿಯಾದಲ್ಲಿ ಮಾಮೂಲಿ ಪದ ಇದೇ. ಫಿಲಿಪೀನ್ಸ್‌ನಲ್ಲೂ ಇದೇ, ಒಂದೇ ಬಾಟಲಿ ಇದ್ರೂ ಬಹುವಚನದಲ್ಲಿ ಸಾಫ್ಟ್‌ಡ್ರಿಂಕ್ಸ್ ಅಂತಾರೆ. ನಮ್ಮ ಕೂಲ್ ಡ್ರಿಂಕ್ಸ್ ಕೂಡ ಅದೇ ತರ ತಾನೇ, ಒಂದು ಕೂಲ್ ಡ್ರಿಂಕ್ಸ್ ಕೊಡಿ ಅಂತೀವಿ.

ಕೂಲ್ ಡ್ರಿಂಕ್ಸ್ ಅನ್ನೋದು ತಪ್ಪು ಇಂಗ್ಲಿಷಾ?

ತಪ್ಪಲ್ಲ, ದಯವಿಟ್ಟು ಯಾರಾದ್ರೂ ನಕ್ರೆ ನಾಚ್ಕೋಬೇಡಿ. ದಕ್ಷಿಣ ಆಫ್ರಿಕಾದ ಇಂಗ್ಲಿಷ್‌ನಲ್ಲಿ ಕೂಲ್‌ಡ್ರಿಂಕ್ ಅನ್ನೋದೇ ದಿನನಿತ್ಯದ ಪದ, ಅಲ್ಲಿನ ಆಫ್ರಿಕಾನ್ಸ್ ಭಾಷೆಯಲ್ಲೂ ಕುಲ್‌ಡ್ರಾಂಕ್ ಅಂತ ಅದೇ ಅರ್ಥದ ಪದ ಇದೆ. ಸದ್ದು ಕೇಳಿ ಪಾಪ್ ಅನ್ನೋದು ಸರಿ ಆದ್ರೆ ತಣ್ಣಗಿದೆ ಅಂತ ಕೂಲ್ ಅನ್ನೋದು ಯಾಕೆ ತಪ್ಪಾಗ್ಬೇಕು?

ಬ್ರಿಟನ್‌ನಲ್ಲಿ ಏನಂತಾರೆ?

ಸಾಮಾನ್ಯವಾಗಿ ಫಿಜ್ಜಿ ಡ್ರಿಂಕ್. ಉತ್ತರ ಇಂಗ್ಲೆಂಡ್, ಮಿಡ್‌ಲ್ಯಾಂಡ್ಸ್, ವೇಲ್ಸ್‌ನಲ್ಲಿ ಪಾಪ್ ಚೆನ್ನಾಗಿ ಬದುಕಿದೆ. ವೇಲ್ಸ್‌ನ ರಾಂಡಾ ಕಣಿವೆಯಲ್ಲಿ ಶುರುವಾದ ಕರೋನಾ ಅನ್ನೋ ಕಂಪನಿ ಮನೆ ಬಾಗಿಲಿಗೇ ಬಾಟಲಿ ತಂದು ಕೊಡ್ತಿತ್ತು, ಅದನ್ನ ತರೋನಿಗೆ ಪಾಪ್ ಮ್ಯಾನ್ ಅಂತಿದ್ರು. ಲ್ಯಾಂಕಶೈರ್ ಕಡೆ ನಲ್ಲಿ ನೀರಿಗೆ ಕಾರ್ಪೊರೇಷನ್ ಪಾಪ್ ಅಂತ ಕರೆಯೋದುಂಟು, ಡ್ರಿಂಕ್ ಬೇಕು ಅಂತ ಹಠ ಮಾಡೋ ಮಗುಗೆ ಹೋಗು ಕಾರ್ಪೊರೇಷನ್ ಪಾಪ್ ಕುಡಿ ಅಂದ್ರೆ ಮುನ್ಸಿಪಾಲ್ಟಿ ನೀರೇ ಗತಿ ಅಂತ ಅರ್ಥ.

ಸ್ಕಾಟ್ಲೆಂಡ್ ಬೇರೇನೇ ಲೋಕ. ಗ್ಲ್ಯಾಸ್ಗೋದಲ್ಲಿ ಜಿಂಜರ್ ಅಂದ್ರೆ ಶುಂಠಿ ಇಲ್ಲದ ಡ್ರಿಂಕ್ ಕೂಡ ಆಗಬಹುದು, ಆರೆಂಜ್ ಆಗ್ಲಿ ಕೋಲಾ ಆಗ್ಲಿ ಎಲ್ಲಾ ಜಿಂಜರ್. ಸ್ಕಾಟ್ಲೆಂಡಿನ ತುಂಬಾ ಜನ ಜ್ಯೂಸ್ ಅಂತಾನೂ ಅಂತಾರೆ, ಹಣ್ಣಿನ ಹನಿಯೂ ಇಲ್ಲದ ಗ್ಯಾಸ್ ಡ್ರಿಂಕ್‌ಗೆ! ನೀರು ಬೆರೆಸಿ ಕುಡಿಯೋದಕ್ಕೆ ಡೈಲ್ಯೂಟಿಂಗ್ ಜ್ಯೂಸ್ ಅಂತ ಬೇರೆ ಹೆಸರು. ಅವ್ರ ಹೆಮ್ಮೆಯ ಡ್ರಿಂಕ್ ಕಿತ್ತಳೆ ಬಣ್ಣದ ಐರ್ನ್ ಬ್ರೂ, ಬಾರ್ ಕಂಪನಿದು, 1901ರಿಂದ ಇದೆ, ಈಗಿನ ಸ್ಪೆಲಿಂಗ್ ಬಂದಿದ್ದು 1946ರಲ್ಲಿ. ಅದರ ಖಾಲಿ ಗಾಜಿನ ಬಾಟಲಿ ವಾಪಸ್ ಕೊಟ್ರೆ ಕಾಸು ಸಿಗ್ತಿತ್ತು, ಹಾಗಾಗಿ ಮಕ್ಕಳು ಆ ಖಾಲಿ ಬಾಟಲಿಗೆ ಗ್ಲಾಸ್ ಚೆಕ್ ಅಂತಿದ್ರು, ಬ್ಯಾಂಕ್ ಚೆಕ್ ತರ. 2015ರ ಕೊನೆಗೆ ಆ ಪದ್ಧತಿ ನಿಂತ್ಹೋಯ್ತು. ಪದ ಹುಟ್ಟಿಸೋ ಒಂದು ವಸ್ತು ಹೋಯ್ತಲ್ಲ ಅಂತ ನಂಗೆ ನಿಜವಾಗ್ಲೂ ಬೇಜಾರಿದೆ.

ಐರ್ಲೆಂಡಿನಲ್ಲಿ ಮಿನರಲ್ಸ್. ಖನಿಜ ನೀರಿನ ಕಾಲದ ಪದ ಅಲ್ಲೇ ನಿಂತಿದೆ. ನೈಜೀರಿಯಾದಲ್ಲೂ ಮಿನರಲ್ ಅಂತಾರೆ. ಕೀನ್ಯಾ, ಟಾಂಜಾನಿಯಾ ಕಡೆ ಸೋಡಾ.

ಬ್ರಿಟನ್‌ನಲ್ಲಿ ಲೆಮನೇಡ್ ಕೇಳಿದ್ರೆ ಗ್ಯಾಸ್ ಇರೋದು ಕೊಡ್ತಾರಂತೆ?

ಹೌದು, ಅಲ್ಲಿ ಮಾಮೂಲಿ ಲೆಮನೇಡ್ ಅಂದ್ರೆ ಬಣ್ಣ ಇಲ್ಲದ ಗ್ಯಾಸ್ ಡ್ರಿಂಕ್. ಅಮೆರಿಕದಲ್ಲಿ ನಿಂಬೆರಸ, ನೀರು, ಸಕ್ಕರೆ. ಜರ್ಮನ್‌ರ ಲಿಮೋನಾಡೆ ಅಥವಾ ಲಿಮೋ ಅಂದ್ರೆ ನಿಂಬೆ ಇರ್ಲಿ ಬಿಡ್ಲಿ ಸಿಹಿ ಗ್ಯಾಸ್ ಡ್ರಿಂಕ್.

ಬೇರೆ ಭಾಷೆಗಳಲ್ಲೂ ಹಿಂಗೇ ಗೊಂದಲ ಇದ್ಯಾ?

ಸ್ಪ್ಯಾನಿಷ್‌ನಲ್ಲಿ ಇಂಗ್ಲಿಷ್‌ಗಿಂತ ಜಾಸ್ತಿ. ಸ್ಪೇನ್, ಮೆಕ್ಸಿಕೊದಲ್ಲಿ ರೆಫ್ರೆಸ್ಕೊ, ಅಂದ್ರೆ ತಂಪು ಮಾಡೋದು. ಅರ್ಜೆಂಟೀನಾ, ಕೊಲಂಬಿಯಾ, ಪೆರುವಿನಲ್ಲಿ ಗಾಸಿಯೋಸಾ, ಅಂದ್ರೆ ಗ್ಯಾಸ್ ಇರೋದು. ಚಿಲಿಯಲ್ಲಿ ಬರೀ ಬೆಬಿಡಾ, ಅಂದ್ರೆ ಪಾನೀಯ. ಬ್ರೆಜಿಲ್‌ನ ಪೋರ್ಚುಗೀಸ್‌ನಲ್ಲಿ ರೆಫ್ರಿಜರಾಂಟೆ. ಚೀನಿ ಭಾಷೆಯಲ್ಲಿ ಚೀಶ್ವೇ, ಪದಶಃ ಗಾಳಿ ನೀರು. ಆಸ್ಟ್ರಿಯಾದಲ್ಲಿ ಕ್ರಾಖರ್ಲ್ ಅಂತಾರೆ, ಅದೂ ಸದ್ದಿನ ಪದವೇ, ಪಾಪ್‌ನ ದೂರದ ನೆಂಟ ಅನ್ನಿ. ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ಮಾತಾಡೋರು ಮಾಮೂಲಿ ಮಾತಲ್ಲಿ ಲಿಕರ್ ಅಂತಾರೆ, ಫ್ರಾನ್ಸ್‌ನಿಂದ ಬಂದವ್ರು ಮಕ್ಕಳಿಗೆ ಲಿಕರ್ ಕೊಡ್ತಿದಾರಲ್ಲ ಅಂತ ಗಾಬರಿ ಆಗೋ ಹಾಗಿರುತ್ತೆ.

ಜಪಾನ್, ಕೊರಿಯಾದಲ್ಲಿ ಸೈಡರ್ ಅಂದ್ರೆ ಆಲ್ಕೊಹಾಲಾ?

ಅಲ್ಲ. ಬ್ರಿಟನ್‌ನಲ್ಲಿ ಸೈಡರ್ ಸೇಬಿನ ಮದ್ಯ, ಜಪಾನ್‌ನಲ್ಲಿ ಸೈಡಾ ಅಂದ್ರೆ ಬಣ್ಣ ಇಲ್ಲದ ಸಿಹಿ ಗ್ಯಾಸ್ ಡ್ರಿಂಕ್. ಅಲ್ಲಿನ ಇನ್ನೊಂದು ಪದ ರಾಮುನೆ, ಅದು ಲೆಮನೇಡ್ ಅನ್ನೋದೇ ಜಪಾನೀಯರ ನಾಲಿಗೆಗೆ ಹೊಂದ್ಕೊಂಡಿದ್ದು, ಕತ್ತಿನಲ್ಲಿ ಗೋಲಿ ಇರೋ ಬಾಟಲಿಯಲ್ಲಿ ಬರುತ್ತೆ. ಆ ಗೋಲಿ ಬಾಟಲಿ 1870ರ ದಶಕದಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ಮಾಡಿದ್ದು, ಒಳಗಿನ ಗ್ಯಾಸಿನ ಒತ್ತಡವೇ ಗೋಲಿಯನ್ನ ಮೇಲಕ್ಕೆ ತಳ್ಳಿ ಬಾಯಿ ಮುಚ್ಚುತ್ತೆ.

ಕೊರಿಯಾದವ್ರು ಇನ್ನೂ ಒಂದು ಹೆಜ್ಜೆ ಮುಂದೆ. ಅವ್ರಿಗೆ ಸೈಡಾ ಬರೀ ಡ್ರಿಂಕ್ ಅಲ್ಲ, ಮನಸ್ಸಲ್ಲಿ ಕಟ್ಕೊಂಡಿದ್ದು ಒಂದೇ ಸಲಕ್ಕೆ ಬಿಟ್ಟಂತೆ ಆಗೋದಕ್ಕೂ ಅದೇ ಪದ. ಯಾರಾದ್ರೂ ದಿಟ್ಟವಾಗಿ ಹೇಳ್ಬೇಕಾದ ಮಾತು ಹೇಳಿದ್ರೆ ಸೈಡಾ ತರ ಇತ್ತು ಅಂತಾರೆ. ಅದರ ವಿರುದ್ಧ ಪದ ಗೋಗುಮಾ, ಅಂದ್ರೆ ಗೆಣಸು, ನೀರಿಲ್ಲದೆ ತಿಂದ್ರೆ ಗಂಟಲಲ್ಲಿ ಸಿಕ್ಕಾಕೊಳ್ಳುತ್ತಲ್ಲ, ಹಾಗೆ ಉಸಿರು ಕಟ್ಟಿಸೋ ಸನ್ನಿವೇಶಕ್ಕೆ.

ಅನುವಾದ ಮಾಡುವಾಗ ಎಲ್ಲಾದಕ್ಕೂ ತಂಪು ಪಾನೀಯ ಅಂತ ಹಾಕಿದ್ರೆ ಆಗಲ್ವಾ?

ವರದಿ, ಪಠ್ಯಪುಸ್ತಕಕ್ಕೆ ಆಗುತ್ತೆ. ಕಥೆಗೆ ಹಾಕ್ಬೇಡಿ, ಇದರಲ್ಲಿ ನಾನು ಸ್ವಲ್ಪ ಹಠಮಾರಿನೇ. ಡೆಟ್ರಾಯ್ಟ್‌ನ ಹುಡುಗ ಪಾಪ್ ಅಂದ್ರೆ ಪಾಪ್ ಅಂತಾನೇ ಬರೀರಿ, ಮೊದಲ ಸಲ ಬಂದಾಗ ಪಕ್ಕದಲ್ಲಿ ಬಾಟಲಿನೋ ಗ್ಯಾಸೋ ಏನಾದ್ರೂ ಬಂದ್ರೆ ಓದುಗರಿಗೆ ತಾನಾಗೇ ಗೊತ್ತಾಗುತ್ತೆ. ಗ್ಲ್ಯಾಸ್ಗೋದ ಅಜ್ಜಿ ಜಿಂಜರ್ ಅಂದ್ರೆ ಶುಂಠಿ ಷರಬತ್ತು ಅಂತ ಮಾತ್ರ ಬರೀಬೇಡಿ, ಅಜ್ಜಿ ಕೈಯಲ್ಲಿ ಇರೋದು ಆರೆಂಜ್ ಬಾಟಲಿ ಇರಬಹುದು.